ವಾರಕ್ಕೊಂದು ಗುಳಿಗೆ

ಅಮಸಿದ್ದಪ್ಪನವರು ಇಪ್ಪತ್ತಾರು ವರ್ಷ ಜಮಖಂಡಿಯ ಒಂದೇ ಆಸ್ಪತ್ರೆಯಲ್ಲಿ, ಔಷಧದ ಒಂದೇ ಕಿಟಕಿಯ ಹಿಂದೆ ಕೆಲಸ ಮಾಡಿದರು. ಡಿಪ್ಲೊಮಾ ಓದಿದ ಫಾರ್ಮಸಿಸ್ಟ್ ಅವರು. ನೋಂದಣಿಯ ಪ್ರಮಾಣಪತ್ರ ಚೌಕಟ್ಟು ಹಾಕಿಸಿಕೊಂಡು ಅವರ ತಲೆಯ ಮೇಲೆಯೇ ತೂಗುತ್ತಿತ್ತು. ಆದರೂ ಮಂದಿಯ ಬಾಯಲ್ಲಿ ಕೊನೆಯವರೆಗೂ ಕಂಪೌಂಡರ್ ಆಗಿಯೇ ಉಳಿದರು. ಅದಕ್ಕೆ ಅವರು ಬೇಸರ ಮಾಡಿಕೊಂಡದ್ದನ್ನು ನಾನು ನೋಡಿಲ್ಲ.

ನಾನು ಗೌರೀಶ, ಅದೇ ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಮಾಡುವವನು. ನನ್ನ ಕೋಣೆಗೂ ಅವರ ಕಿಟಕಿಗೂ ನಡುವೆ ಒಂದೇ ಗೋಡೆ. ಹದಿನಾಲ್ಕು ವರ್ಷ ಇಬ್ಬರೂ ಒಟ್ಟಿಗೆ ಬುತ್ತಿ ಬಿಚ್ಚಿ ಉಂಡಿದ್ದೇವೆ. ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆಂದರೆ ನಾನಿನ್ನೂ ಅಲ್ಲೇ ದುಡಿಯುತ್ತಿದ್ದೇನೆ.

ಅವರ ತಂದೆ ಸಾವಳಗಿಯಲ್ಲಿ ಕುರಿ ಕಾಯ್ದವರು. ಇನ್ನೂರು ಕುರಿಗಳ ಹಿಂಡಿನಲ್ಲಿ ಯಾವುದು ಮೇವು ಬಿಟ್ಟಿದೆ ಎಂಬುದನ್ನು ಬದುವಿನ ಮೇಲೆ ನಿಂತೇ ಹೇಳುತ್ತಿದ್ದರಂತೆ. ಮಗನಿಗೂ ಆ ಕಣ್ಣು ಬಂದಿತ್ತು. ದಿನಕ್ಕೆ ನೂರೈವತ್ತು ಚೀಟಿ ಬಂದರೂ ಅದರಲ್ಲಿ ಏನೋ ಸರಿಯಿಲ್ಲದ ಒಂದು ಚೀಟಿ ಅವರ ಕೈಯಲ್ಲಿ ತಾನಾಗಿ ನಿಲ್ಲುತ್ತಿತ್ತು. ಒಂದೇ ರಕ್ತದೊತ್ತಡದ ಗುಳಿಗೆಯನ್ನು ಇಬ್ಬರು ಡಾಕ್ಟರರಿಂದ ಎರಡು ಹೆಸರಿನಲ್ಲಿ ಬರೆಸಿಕೊಂಡು ನುಂಗುತ್ತಿದ್ದ ಮುದುಕಿ, ದೊಡ್ಡವರ ಲೆಕ್ಕದ ಔಷಧ ಬರೆಸಿಕೊಂಡು ಬಂದ ಮೂರು ವರ್ಷದ ಕೂಸು, ಇಂಥವರನ್ನು ಕಿಟಕಿಯ ಬಳಿಯ ಬೆಂಚಿನ ಮೇಲೆ ಕೂರಿಸಿ, ಚೀಟಿ ಹಿಡಿದು ತಾವೇ ಡಾಕ್ಟರರ ಕೋಣೆಗೆ ಹೋಗಿ ಬರುತ್ತಿದ್ದರು. ಡಾಕ್ಟರರು ತಿದ್ದಿಕೊಡುತ್ತಿದ್ದರು. ಹೊರಗೆ ಬಂದು ಇವರು ಯಾರಿಗೂ ಏನೂ ಹೇಳುತ್ತಿರಲಿಲ್ಲ. ಹೀಗೆ ಎಷ್ಟು ತಪ್ಪುಗಳು ಆ ಕಿಟಕಿಯಲ್ಲಿ ನಿಂತುಹೋದವೋ, ಅದನ್ನು ಬರೆದಿಟ್ಟವರಿಲ್ಲ.

ಆಸ್ಪತ್ರೆಗೆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ಇಪ್ಪತ್ತೆರಡರ ಬೇಸಿಗೆಯಲ್ಲಿ. ಅದಕ್ಕೂ ಮುಂಚೆ ಬಿಲ್ಲಿಗೆ ಒಂದು ಯಂತ್ರವಿತ್ತು. ಈಗ ಎಲ್ಲವೂ ಹೊಸ ಕಂಪ್ಯೂಟರಿನಲ್ಲೇ. ಡಾಕ್ಟರರು ಪರದೆಯ ಮೇಲೆ ಔಷಧ ಆರಿಸಿದರೆ ಅದು ಕಿಟಕಿಯ ಪರದೆಗೆ ಬರಬೇಕು, ಅಲ್ಲಿಂದ ಕನ್ನಡದಲ್ಲಿ ಅಚ್ಚಾದ ಚೀಟಿ ರೋಗಿಯ ಕೈಗೆ ಹೋಗಬೇಕು. ಕಂಪನಿಯಿಂದ ಒಬ್ಬ ತರುಣ ಕಲಿಸಲು ಬಂದ. ಬಿಲ್ಲಿನವರಿಗೆ ಒಂದು ಇಡೀ ದಿನ, ಡಾಕ್ಟರರಿಗೆ ಅರ್ಧ ದಿನ, ಔಷಧದ ಕಿಟಕಿಯವರಿಗೆ ನಲವತ್ತು ನಿಮಿಷ. ಯಾವ ಗುಂಡಿ ಒತ್ತಿದರೆ ಔಷಧದ ಹೆಸರು ಬರುತ್ತದೆ, ಯಾವುದನ್ನು ಒತ್ತಿದರೆ ದಾಸ್ತಾನು ಕಳೆಯುತ್ತದೆ, ಪ್ರಿಂಟ್ ಹೇಗೆ ತೆಗೆಯಬೇಕು, ಇಷ್ಟು ಹೇಳಿದ. ಒಳ್ಳೆಯ ಹುಡುಗ, ಸಮಾಧಾನದಿಂದಲೇ ಹೇಳಿದ. ಅಮಸಿದ್ದಪ್ಪನವರು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಉರುಳಿಸಿ ನೋಡಿದರು. ದಿನಕ್ಕೊಮ್ಮೆ, ದಿನಕ್ಕೆರಡು ಸಲ, ಮೂರು ಸಲ, ಬೇಕಾದಾಗ. ಅಲ್ಲಿಗೆ ಮುಗಿಯಿತು.

"ವಾರಕ್ಕೊಮ್ಮೆ ಅನ್ನೂದು ಎಲ್ಲೈತ್ರಿ ಇದರಾಗ?" ಎಂದು ಕೇಳಿದರು.

ತರುಣನೂ ಹುಡುಕಿದ. ಅದು ಇಲ್ಲ, ಡಾಕ್ಟರರು ಕೆಳಗಿನ ಷರಾ ಎಂಬ ಜಾಗದಲ್ಲಿ ಬರೆಯಬಹುದು ಎಂದ. ಷರಾ ಕಿಟಕಿಯ ಪರದೆಗೆ ಬರುತ್ತದೆಯೇ, ಚೀಟಿಯ ಮೇಲೆ ಅಚ್ಚಾಗುತ್ತದೆಯೇ ಎಂದು ಇವರು ಮತ್ತೆ ಕೇಳಿದರು. ಪರೀಕ್ಷೆ ಮಾಡಿದರು. ಬರಲಿಲ್ಲ. ಈ ಪಟ್ಟಿ ಮಾಡುವಾಗ ಔಷಧ ಗೊತ್ತಿರುವವರು ಒಬ್ಬರಾದರೂ ಜೊತೆಗಿದ್ದರೇ ಎಂಬುದು ಅವರ ಮೂರನೆಯ ಪ್ರಶ್ನೆ. ಎಂಜಿನಿಯರುಗಳಿದ್ದರು ಎಂದ ತರುಣ. ಇದನ್ನು ಕಂಪನಿಗೆ ತಿಳಿಸುತ್ತೇನೆ ಎಂದು ತನ್ನ ಫೋನಿನಲ್ಲಿ ಬರೆದುಕೊಂಡ.

ಆ ಸಂಜೆ ಮನೆಗೆ ಹೋದವರು ಮಗಳು ಭಾಗ್ಯಾಗೆ ಫೋನ್ ಮಾಡಿದರು. ಆಕೆ ಆಗ ಬೆಳಗಾವಿಯಲ್ಲಿ ಬಿ.ಫಾರ್ಮ್ ಓದುತ್ತಿದ್ದಳು. ಆಸ್ಪತ್ರೆಯ ಕಂಪ್ಯೂಟರುಗಳ ಬಗ್ಗೆ ಅವರಿಗೊಂದು ಪಾಠ ಇದೆಯಂತೆ, ಆದರೆ ಅದರಲ್ಲಿ ಕಂಪ್ಯೂಟರಿನ ಭಾಗಗಳ ಹೆಸರೇ ಹೆಚ್ಚಂತೆ. ಹೆಲ್ತ್ ಇನ್ಫರ್ಮ್ಯಾಟಿಕ್ಸ್ ಎಂಬ ವಿದ್ಯೆಯೇ ಬೇರೆ ಇದೆ, ಹೊರದೇಶಗಳಲ್ಲಿ ಇಂಥ ಪಟ್ಟಿ ಮಾಡುವಾಗ ಫಾರ್ಮಸಿಸ್ಟರನ್ನೇ ಕೂರಿಸಿಕೊಳ್ಳುತ್ತಾರೆ, ಅದಕ್ಕೆಂದೇ ತರಬೇತಿ ಕೊಡುತ್ತಾರೆ ಎಂದು ಮಗಳು ಹೇಳಿದಳು. ಫೋನಿನಲ್ಲಿಯೇ ಕಲಿಯುವ ಒಂದು ಪುಕ್ಕಟೆ ಪಾಠಮಾಲೆಯನ್ನೂ ಹುಡುಕಿ ಕಳಿಸಿದಳು. ಐವತ್ತು ದಾಟಿದ ಮನುಷ್ಯ ರವಿವಾರ ಮಧ್ಯಾಹ್ನ ಕಿವಿಗೆ ವೈರು ಸಿಕ್ಕಿಸಿಕೊಂಡು, ಮಡಿಲಲ್ಲಿ ಇಂಗ್ಲಿಷ್ ನಿಘಂಟು ಇಟ್ಟುಕೊಂಡು ಕೂರುತ್ತಿದ್ದರು. ಹೆಂಡತಿ ರಂಜನಾ, ಇವರಿಗೆ ಇನ್ನೊಂದು ಪರೀಕ್ಷೆ ಯಾಕೆ ಬೇಕಾಗಿದೆ ಎಂದು ನನ್ನ ಹತ್ತಿರ ನಕ್ಕಿದ್ದರು. ಹನ್ನೆರಡು ಪಾಠಗಳಲ್ಲಿ ಐದು ಮುಗಿದವು. ಮಾತಿನ ವೇಗ ಹಿಡಿಯಲಾಗದೆ ಆರನೆಯದಕ್ಕೆ ನಿಂತರು.

ಕಲಿತಷ್ಟನ್ನು ಕೆಲಸಕ್ಕೆ ಹಚ್ಚಿದರು. ಒಂದು ವಹಿಯಲ್ಲಿ ಯಂತ್ರದ ತಪ್ಪುಗಳನ್ನು ಬರೆಯುತ್ತ ಹೋದರು. ವಾರಕ್ಕೊಮ್ಮೆ ಎಂಬುದು ಇಲ್ಲದಿರುವುದೇ ಮೊದಲನೆಯದು. ಒಂದೇ ಥರ ಹೆಸರಿನ ಎರಡು ಔಷಧ ಅಕ್ಕಪಕ್ಕ ಬರುತ್ತವೆ, ಬೆರಳು ಜಾರಿದರೆ ಇನ್ನೊಂದು ಹೋಗುತ್ತದೆ. ಕೂಸಿನ ತೂಕ ಕೇಳುವುದಿಲ್ಲ. ಬಸುರಿಗೆ ಕೊಡಬಾರದ್ದನ್ನು ಕೊಟ್ಟರೂ ಯಂತ್ರ ತಡೆಯುವುದಿಲ್ಲ. ಇಂಥವು ಇಪ್ಪತ್ಮೂರಾದಾಗ ಅದರ ನಕಲು ತೆಗೆದು ಮ್ಯಾನೇಜರರಿಗೆ ಕೊಟ್ಟರು. ಕೊಟ್ಟ ದಿನ ನಾನೂ ಜೊತೆಗಿದ್ದೆ. ಮ್ಯಾನೇಜರ್ ಮೊದಲ ಹಾಳೆ ಓದಿ, ಛಲೋ ಕೆಲಸ ಮಾಡಿದ್ದೀರಿ ಎಂದು ಹೇಳಿ ಡ್ರಾದಲ್ಲಿಟ್ಟುಕೊಂಡರು. ಮುಟ್ಟಿದ್ದಕ್ಕೆ ಯಾರ ಸಹಿಯೂ ಬೀಳಲಿಲ್ಲ.

ವಾರಕ್ಕೊಮ್ಮೆ ಎಂಬುದರ ಬಗ್ಗೆ ಅವರಿಗೆ ಅಷ್ಟು ಆತಂಕವಿದ್ದುದು ಒಂದೇ ಗುಳಿಗೆಯಿಂದ. ಮೆಥೊಟ್ರೆಕ್ಸೇಟ್ ಅದರ ಹೆಸರು. ಕೀಲುವಾತದಿಂದ ಬೆರಳು ಸೊಟ್ಟಗಾದವರಿಗೆ ಕೊಡುತ್ತಾರೆ. ವಾರಕ್ಕೊಮ್ಮೆ ನುಂಗಿದರೆ ಕೈಯ ಬಿಗಿ ಬಿಡುತ್ತದೆ, ಬೆರಳು ಮಡಚುತ್ತವೆ. ಅದನ್ನೇ ದಿನಾ ನುಂಗಿದರೆ ರಕ್ತ ಹುಟ್ಟುವುದೇ ನಿಲ್ಲುತ್ತದೆ. ಪ್ರತಿ ಮಂಗಳವಾರ ಮಿರಜದಿಂದ ಬರುತ್ತಿದ್ದ ಕೀಲಿನ ಡಾಕ್ಟರು ಅದನ್ನು ನಾಲ್ಕೈದು ಮಂದಿಗಾದರೂ ಬರೆಯುತ್ತಿದ್ದರು. ಪಟ್ಟಿಯಲ್ಲಿ ಬೇರೆ ದಾರಿ ಇಲ್ಲದ್ದರಿಂದ ದಿನಕ್ಕೊಮ್ಮೆ ಎಂಬುದನ್ನೇ ಆರಿಸಿ, ಷರಾದಲ್ಲಿ ವಾರಕ್ಕೊಮ್ಮೆ ಮಾತ್ರ ಎಂದು ಟೈಪು ಮಾಡುತ್ತಿದ್ದರು. ಆ ಷರಾ ಡಾಕ್ಟರರ ಪರದೆಯಲ್ಲಿಯೇ ಉಳಿಯುತ್ತಿತ್ತು. ಕಿಟಕಿಗೆ ಬರುತ್ತಿದ್ದುದು ದಿನಕ್ಕೊಂದು, ತಿಂಗಳಿಗೆ ಮೂವತ್ತು.

ಅಮಸಿದ್ದಪ್ಪನವರು ಮೂವತ್ತನ್ನು ನಾಲ್ಕಕ್ಕೆ ಇಳಿಸುತ್ತಿದ್ದರು. ಅಚ್ಚಾದ ಸಾಲನ್ನು ಹೊಡೆದು ಹಾಕಿ, ಕಪ್ಪು ಮಾರ್ಕರ್ ಪೆನ್ನಿನಿಂದ ಗುಳಿಗೆಯ ಹಾಳೆಯ ಹಿಂದೆ ದಪ್ಪಗೆ 'ಬುಧವಾರ ಮಾತ್ರ' ಎಂದು ಬರೆದು, ರೋಗಿಯ ಬಾಯಿಂದ ಅದನ್ನು ಮರಳಿ ಹೇಳಿಸಿಯೇ ಕೊಡುತ್ತಿದ್ದರು. ಎಂಟು ತಿಂಗಳು ಹೀಗೇ ನಡೆಯಿತು. ಒಂದೂ ತಪ್ಪಲಿಲ್ಲ.

ಫೆಬ್ರುವರಿಯಲ್ಲಿ ಬಾಗಲಕೋಟೆಯ ಒಂದು ಹೋಟೆಲಿನಲ್ಲಿ ಕಂಪನಿಯವರು ಎರಡು ದಿನದ ತರಬೇತಿ ಇಟ್ಟರು. ದಾಸ್ತಾನಿನ ವರದಿ, ಮಾರಾಟದ ವರದಿ ತೆಗೆಯುವುದನ್ನು ಕಲಿಸುವ ತರಬೇತಿ. ಸೋಮವಾರ, ಮಂಗಳವಾರ. ಅಮಸಿದ್ದಪ್ಪನವರನ್ನೇ ಕಳಿಸಿದರು. ಕಿಟಕಿಯಲ್ಲಿ ಶೇವಂತಿಯನ್ನು ಕೂರಿಸಿದರು. ಆಕೆ ನಲವತ್ತರ ಹೆಂಗಸು, ಹತ್ತು ವರ್ಷ ಬಿಲ್ಲಿನಲ್ಲಿ ದುಡಿದವಳು, ಔಷಧ ಓದಿದವಳಲ್ಲ. ನೋಂದಾಯಿತ ಫಾರ್ಮಸಿಸ್ಟ್ ಇಲ್ಲದೆ ಔಷಧ ಕೊಡಬಾರದು ಎಂದು ಇವರು ಹೇಳಿದ್ದಕ್ಕೆ ಮ್ಯಾನೇಜರ್, ಎರಡೇ ದಿನ, ನಿಮ್ಮ ಹೆಸರಿನಲ್ಲಿಯೇ ತೆರೆದು ಕೂರಲಿ ಎಂದರು. ಯಂತ್ರಕ್ಕೆ ಪ್ರತಿಯೊಬ್ಬರದೂ ಒಂದು ಹೆಸರು, ಒಂದು ಪಾಸ್‌ವರ್ಡ್. ಕಿಟಕಿಗೆ ಇದ್ದುದು ಅಮಸಿದ್ದಪ್ಪನವರದೊಂದೇ. ಅದನ್ನು ಶೇವಂತಿಗೆ ಬರೆದುಕೊಟ್ಟರು. ಕೀಲಿನ ಗುಳಿಗೆ ಬಂದರೆ ಕೊಡುವ ಮುಂಚೆ ತನಗೆ ಫೋನ್ ಮಾಡಬೇಕೆಂದು ಎರಡು ಸಲ ಹೇಳಿದರು.

ಮಂಗಳವಾರ ಹನ್ನೊಂದೂ ಮುಕ್ಕಾಲಿಗೆ ಶೇವಂತಿ ಫೋನ್ ಮಾಡಿದಳು. ತರಬೇತಿಯ ಕೋಣೆಯಲ್ಲಿ ಎಲ್ಲರ ಫೋನೂ ಸದ್ದಿಲ್ಲದೆ ಇರಬೇಕೆಂದು ಹೇಳಿದ್ದರು. ಇವರ ಫೋನು ಅಂಗಿಯ ಜೇಬಿನಲ್ಲಿ ನಡುಗಿ ನಿಂತಿತು, ಗೊತ್ತಾಗಲಿಲ್ಲ. ಕಿಟಕಿಯ ಮುಂದೆ ಇಪ್ಪತ್ತೈದು ಮಂದಿ ನಿಂತಿದ್ದರು. ಬನಹಟ್ಟಿಯ ಬಸ್ಸು ತಪ್ಪುತ್ತದೆ ಎಂದು ಒಂದು ಹುಡುಗಿ ಅವಸರ ಮಾಡುತ್ತಿದ್ದಳು. ಪರದೆ ಮೂವತ್ತು ಎಂದಿತ್ತು. ಶೇವಂತಿ ಮೂವತ್ತು ಎಣಿಸಿ ಕೊಟ್ಟಳು.

ಊಟದ ಹೊತ್ತಿಗೆ ಇವರು ಫೋನ್ ನೋಡಿ ತಿರುಗಿ ಮಾಡಿದರು. ಏನಿಲ್ಲ ಸರ್, ಆತು, ಎಂದಳು ಶೇವಂತಿ. ಆ ಒಂದು ಮಾತನ್ನು ಅಮಸಿದ್ದಪ್ಪನವರು ಮುಂದೆ ನನ್ನೆದುರು ಎಷ್ಟು ಸಲ ಆಡಿ ತೋರಿಸಿದರೋ ಲೆಕ್ಕವಿಲ್ಲ. ಏನು ಆಯಿತು ಎಂದು ತಾನು ಯಾಕೆ ಕೇಳಲಿಲ್ಲ ಎಂಬುದೇ ಅವರ ಪ್ರಶ್ನೆ. ಮಧ್ಯಾಹ್ನದ ಮೇಲೆ ಕಂಪನಿಯವರು ಎಲ್ಲರಿಗೂ ಒಂದು ಅಭಿಪ್ರಾಯದ ಹಾಳೆ ಹಂಚಿದರು. ಇವರು ಅದರಲ್ಲಿ, ಪಟ್ಟಿಗೆ ವಾರಕ್ಕೊಮ್ಮೆ ಎಂಬುದನ್ನು ಕೂಡಲೇ ಸೇರಿಸಬೇಕು, ಇಲ್ಲದಿದ್ದರೆ ಯಾರಾದರೂ ಸಾಯಬಹುದು ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟರು.

ಆ ದಿನ ಗುಳಿಗೆ ಒಯ್ದವಳು ಬನಹಟ್ಟಿಯ ತಾರವ್ವ. ಜೊತೆಗೆ ಬಂದಿದ್ದವಳು ಅವಳ ಮಗಳು, ಪಿಯುಸಿ ಓದುತ್ತಿದ್ದ ಗಂಗಾಂಬಿಕಾ. ನೇಕಾರರ ಮನೆ. ಗಂಡ ಗಿರಿಮಲ್ಲಪ್ಪ ಮಗ್ಗ ನಡೆಸಿದರೆ ತಾರವ್ವ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಒಂದು ವರ್ಷದಿಂದ ಬೆರಳಿನ ಗೆಣ್ಣು ಊದಿ ನೂಲು ಹಿಡಿಯಲಾಗುತ್ತಿರಲಿಲ್ಲ. ಅದಕ್ಕೇ ಮೊದಲ ಸಲ ಈ ಡಾಕ್ಟರರ ಬಳಿ ಬಂದಿದ್ದರು. ಕೈಬರಹದ ಚೀಟಿಯಾಗಿದ್ದರೆ ಅವರು ಮತ್ತೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರೇನೋ. ಇದು ದುಂಡಗಿನ ಅಕ್ಷರದಲ್ಲಿ ಅಚ್ಚಾದ ಕನ್ನಡ. ದಿನಕ್ಕೆ ಒಂದು, ಬೆಳಿಗ್ಗೆ, ಊಟದ ನಂತರ. ಮಗಳು ದಿನಾ ಓದಿ, ದಿನಾ ಒಂದು ಬಿಡಿಸಿ ಕೊಟ್ಟಳು.

ಹದಿನೈದನೆಯ ದಿನ ತಾರವ್ವನನ್ನು ಆಟೋದಲ್ಲಿ ಮಲಗಿಸಿಕೊಂಡು ಬಂದರು. ಬಾಯಿಯ ತುಂಬ ಹುಣ್ಣು, ಸುಡುವ ಜ್ವರ, ಒಸಡಿನಲ್ಲಿ ರಕ್ತ. ರಕ್ತ ತೆಗೆದವನು ನಾನೇ. ನಾಲ್ಕು ಸಾವಿರಕ್ಕಿಂತ ಮೇಲಿರಬೇಕಾದ ಬಿಳಿಯ ಕಣಗಳು ಆರುನೂರು ಬಂದವು. ರಕ್ತ ಎಣಿಸುವ ಯಂತ್ರ ಕೆಟ್ಟಿದೆ ಎಂದುಕೊಂಡು ಮತ್ತೊಮ್ಮೆ ಹಾಕಿದೆ. ಆಮೇಲೆ ಗಾಜಿನ ಪಟ್ಟಿಯ ಮೇಲೆ ಹರಡಿ ಕಣ್ಣಿನಿಂದ ಎಣಿಸಿದೆ. ಅಷ್ಟೇ ಇತ್ತು. ವರದಿ ಹಿಡಿದುಕೊಂಡು ಗೋಡೆಯಾಚೆ ಹೋದೆ. ಅಮಸಿದ್ದಪ್ಪನವರು ಅಂಕಿಗಳನ್ನು ನೋಡಿ, ಯಾವ ಗುಳಿಗೆ ತಗೊಳ್ಳುತ್ತಾಳೆ ಎಂದು ಕೇಳುತ್ತಲೇ ಎದ್ದು ಬಂದರು.

ಗಿರಿಮಲ್ಲಪ್ಪ ಪ್ಲಾಸ್ಟಿಕ್ ಚೀಲದಿಂದ ಗುಳಿಗೆಯ ಹಾಳೆಗಳನ್ನು ತೆಗೆದುಕೊಟ್ಟ. ಒಂದು ಪೂರ್ತಿ ಖಾಲಿ, ಇನ್ನೊಂದು ಅರ್ಧ, ಮೂರನೆಯದು ತುಂಬಿತ್ತು. ಅಮಸಿದ್ದಪ್ಪನವರು ಅವನ್ನು ತಿರುಗಿಸಿ ಹಿಂಬದಿ ನೋಡಿದರು. ಮತ್ತೆ ತಿರುಗಿಸಿದರು. ತಮ್ಮ ಕೈಬರಹಕ್ಕಾಗಿ ಹುಡುಕುತ್ತಿದ್ದಾರೆ ಎಂದು ನನಗೆ ಆಮೇಲೆ ತಿಳಿಯಿತು. ಅಲ್ಲಿ ಏನೂ ಬರೆದಿರಲಿಲ್ಲ.

ಮುಂದಿನ ಒಂದು ತಾಸು ಅವರು ಓಡಾಡಿದ್ದನ್ನು ನಾನು ಮರೆಯಲಾರೆ. ಸೇವೆಯಲ್ಲಿದ್ದ ಡಾಕ್ಟರಿಗೆ ವಿಷಯ ತಿಳಿಸಿದರು. ಆ ಗುಳಿಗೆಗೆ ಪ್ರತಿಮದ್ದಾಗಿ ಕೊಡುವ ಇಂಜೆಕ್ಷನ್ ನಮ್ಮಲ್ಲಿರಲಿಲ್ಲ. ಜಮಖಂಡಿ, ಮುಧೋಳದ ಅಂಗಡಿಗಳಲ್ಲೂ ಇರಲಿಲ್ಲ. ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ, ಆಂಬುಲೆನ್ಸ್ ಮುಟ್ಟುವಷ್ಟರಲ್ಲಿ ಅದು ಸಿದ್ಧವಿರುವಂತೆ ನೋಡಿಕೊಂಡರು. ಎಲ್ಲ ಸರಿಯಾಗಿಯೇ ನಡೆಯಿತು, ತಡವಾಗಿತ್ತು ಅಷ್ಟೇ. ತಾರವ್ವ ನಾಲ್ಕನೆಯ ದಿನ ತೀರಿಕೊಂಡಳು.

ವಾರವಾದ ಮೇಲೆ ಗಿರಿಮಲ್ಲಪ್ಪ ಬಂದು ಇದು ಹೇಗಾಯಿತು ಎಂದು ಕೇಳಿದ. ಮ್ಯಾನೇಜರ್ ಅವನನ್ನು ಒಳಗೆ ಕೂರಿಸಿ ಡಾಕ್ಟರರ ಪರದೆ ತೋರಿಸಿದರು. ಅಲ್ಲಿ ಷರಾದಲ್ಲಿ ವಾರಕ್ಕೊಮ್ಮೆ ಮಾತ್ರ ಎಂದು ಸ್ಪಷ್ಟವಾಗಿ ಇತ್ತು. ಡಾಕ್ಟರು ಸರಿಯಾಗಿ ಬರೆದಿದ್ದಾರೆ, ಮನೆಯವರು ಕೊಡುವುದರಲ್ಲಿ ತಪ್ಪಾಗಿದೆ ಎಂದು ಅರ್ಥವಾಗುವಂತೆ ಹೇಳಿ ಕಳಿಸಿದರು. ಚೀಟಿ ಎಲ್ಲಿ ಎಂದು ಅವನು ಕೇಳಲಿಲ್ಲ. ಆ ಗಡಿಬಿಡಿಯಲ್ಲಿ ಚೀಟಿ ಆಟೋದಲ್ಲೋ ಆಂಬುಲೆನ್ಸಿನಲ್ಲೋ ಕಳೆದುಹೋಗಿತ್ತು.

ಇದು ಅಮಸಿದ್ದಪ್ಪನವರಿಗೆ ಗೊತ್ತಾದದ್ದು ಶೇವಂತಿಯಿಂದ. ಅವಳ ತವರು ಬನಹಟ್ಟಿ. ಆ ಹುಡುಗಿ ಕಾಲೇಜು ಬಿಟ್ಟಿದ್ದಾಳೆ, ತಾನೇ ತಾಯಿಯನ್ನು ಕೊಂದೆ ಎಂದು ಒಂದೇ ಸಮ ಹೇಳುತ್ತಾಳೆ, ತುತ್ತು ಇಳಿಯುತ್ತಿಲ್ಲ ಎಂದು ಶೇವಂತಿ ಅಳುತ್ತ ಹೇಳಿದಳು. ಆಗ ನಮ್ಮೆಲ್ಲರಿಗೂ ಈ ವಿಷಯ ಹೊರಗೆ ಆಡಬಾರದೆಂದು ಕಟ್ಟುನಿಟ್ಟಾಗಿ ಹೇಳಲಾಗಿತ್ತು.

ಅಮಸಿದ್ದಪ್ಪನವರು ಮೂರನೆಯ ದಿನ ಬುತ್ತಿ ಬಿಚ್ಚದೆ ಕುಳಿತು ನನಗೆ ಹೇಳಿದರು:

"ಗೌರೀಶ, ಎಂಟ ತಿಂಗಳ ನಾನ ಈ ತಪ್ಪ ಮುಚ್ಚಿಟ್ಟೆ. ಮಾರ್ಕರ್ ಹಿಡಕೊಂಡು ದಿನಾ ತಿದ್ದಿದೆ. ನಾ ತಿದ್ದಲಿಲ್ಲಂದ್ರ ಮೊದಲನೇ ವಾರದಾಗ ಗದ್ದಲ ಆಗತಿತ್ತು, ಕಂಪನಿಯವ್ರು ಓಡಿ ಬರತಿದ್ರು. ನಾ ಇದ್ದೇನಿ ಅಂತ ಎಲ್ಲಾರೂ ನಿಶ್ಚಿಂತಿ ಇದ್ರು. ನಾನೂ ಇದ್ದೆ."

ಹಾಗಲ್ಲ ಎಂದೆ. ಆ ಎಂಟು ತಿಂಗಳಲ್ಲಿ ಎಷ್ಟು ಜೀವ ಉಳಿದವು ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ರವಿವಾರ ಬನಹಟ್ಟಿಗೆ ಹೋಗುತ್ತೇನೆ, ರಕ್ತದ ವಿಷಯ ಕೇಳಿದರೆ ಹೇಳಲು ನೀನೂ ಬಾ ಎಂದರು. ಹೋಗದಿರಲು ನನ್ನಿಂದಾಗಲಿಲ್ಲ.

ಬನಹಟ್ಟಿಯ ಆ ಓಣಿಯಲ್ಲಿ ರವಿವಾರವೂ ಮಗ್ಗಗಳ ಸದ್ದು ನಿಂತಿರಲಿಲ್ಲ. ಗಿರಿಮಲ್ಲಪ್ಪನ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಗ್ಗ, ಒಂದು ಓಡುತ್ತಿತ್ತು. ಮೂಲೆಯಲ್ಲಿ ಗಂಗಾಂಬಿಕಾ ಕಂಡಿಕೆ ಸುತ್ತುತ್ತಿದ್ದಳು. ನಾವು ದವಾಖಾನೆಯವರೆಂದು ತಿಳಿದ ಮೇಲೆ ಗಿರಿಮಲ್ಲಪ್ಪ ಮಗ್ಗ ನಿಲ್ಲಿಸಿದ. ಕೂರಿ ಎನ್ನಲಿಲ್ಲ.

ಅಮಸಿದ್ದಪ್ಪನವರು ಜೇಬಿನಿಂದ ಎರಡು ಹಾಳೆ ತೆಗೆದರು. ಒಂದು ಡಾಕ್ಟರರ ಪರದೆಯ ನಕಲು. ಇನ್ನೊಂದು, ಯಂತ್ರದಿಂದ ಮತ್ತೆ ಅಚ್ಚು ತೆಗೆದ ಆ ದಿನದ ಚೀಟಿ. ಎರಡನ್ನೂ ಅಕ್ಕಪಕ್ಕ ನೆಲದ ಮೇಲೆ ಹಾಸಿ, ಒಂದರಲ್ಲಿದ್ದದ್ದು ಇನ್ನೊಂದಕ್ಕೆ ಹೇಗೆ ಬರಲಿಲ್ಲ ಎಂಬುದನ್ನು ಬೆರಳಿಟ್ಟು ತೋರಿಸಿದರು. ಆಮೇಲೆ ಹುಡುಗಿಯ ಕಡೆ ತಿರುಗಿದರು.

"ತಂಗಿ, ಚೀಟಿಯೊಳಗ ಏನಿತ್ತೋ ಅದನ್ನ ನೀ ಓದಿ ಕೊಟ್ಟಿ. ಯಾರಿದ್ರೂ ಹಂಗ ಕೊಡತಿದ್ರು. ತಪ್ಪ ಚೀಟೀದೈತಿ. ನಿಂದಲ್ಲ."

ಗಂಗಾಂಬಿಕಾ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ.

"ಹನ್ನೊಂದನೇ ದಿನ ಅವ್ವ ಬಾಯಿ ಉರೀತೈತಿ, ಗುಳಿಗಿ ಬ್ಯಾಡ ಅಂದಳ್ರಿ," ಎಂದಳು. "ನಡುವ ಬಿಟ್ರ ಗುಣಾ ಆಗೂದಿಲ್ಲ ಅಂತ ನಾನ ಬೈದು ನುಂಗಿಸಿದೆ."

ಇದಕ್ಕೆ ಕೊಡಲು ಅಮಸಿದ್ದಪ್ಪನವರ ಬಳಿ ಯಾವ ಹಾಳೆಯೂ ಇರಲಿಲ್ಲ. ಗಿರಿಮಲ್ಲಪ್ಪ ಬಗ್ಗಿ ಚೀಟಿ ಎತ್ತಿಕೊಂಡು, ಕೆಳಗೆ ಅಚ್ಚಾಗಿದ್ದ ಹೆಸರಿನ ಮೇಲೆ ಹೆಬ್ಬೆರಳಿಟ್ಟ.

"ಗುಳಿಗಿ ಕೊಟ್ಟವ್ರು ಅಂತ ಇಲ್ಲಿ ಅಮಸಿದ್ದಪ್ಪ ಅಂತ ಐತಿ. ಯಾರಂವ?"

"ನಾನ್ರಿ."

"ನೀವ ಕೊಟ್ಟೀರೇನ?"

ಅಂದು ತಾನು ಊರಲ್ಲೇ ಇರಲಿಲ್ಲ ಎಂದು ಹೇಳಬಹುದಿತ್ತು. ಶೇವಂತಿಯ ಹೆಸರು ಹೇಳಬಹುದಿತ್ತು. ನಾನು ಅವರ ಮುಖ ನೋಡುತ್ತಿದ್ದೆ.

"ನನ್ನ ಕಿಟಕಿಯಿಂದ ಹೋಗೇತ್ರಿ," ಎಂದರು.

ಇಬ್ಬರೂ ಹೊರಗೆ ಹೋಗಬೇಕೆಂದು ಗಿರಿಮಲ್ಲಪ್ಪ ಹೇಳಿದ. ಗಟ್ಟಿಯಾಗಿ ಕೂಡ ಹೇಳಲಿಲ್ಲ. ನಾವು ಹೊಸ್ತಿಲು ದಾಟುವ ಮೊದಲೇ ಮಗ್ಗ ಶುರುವಾಯಿತು. ಹಾಳೆಗಳು ಅಲ್ಲೇ ಉಳಿದವು.

ಆ ಹಾಳೆಗಳನ್ನು ಹಿಡಿದೇ ಗಿರಿಮಲ್ಲಪ್ಪ ವಕೀಲರ ಬಳಿ ಹೋದ. ಆಸ್ಪತ್ರೆಗೆ ನೋಟಿಸು ಬಂತು. ಮ್ಯಾನೇಜರ್ ಮೊದಲು ಹುಡುಕಿದ್ದು ಹಾಳೆಗಳು ಹೊರಗೆ ಹೋದದ್ದು ಹೇಗೆ ಎಂಬುದನ್ನು. ಅದು ಕಷ್ಟವಾಗಲಿಲ್ಲ. ಯಾರು, ಯಾವಾಗ ಅಚ್ಚು ತೆಗೆದರು ಎಂಬುದನ್ನು ಯಂತ್ರ ತಪ್ಪದೆ ಬರೆದಿಡುತ್ತದೆ. ರೋಗಿಯ ಗುಟ್ಟಿನ ದಾಖಲೆ ಬಯಲು ಮಾಡಿದ್ದಕ್ಕೆ ಅಮಸಿದ್ದಪ್ಪನವರನ್ನು ಕೆಲಸದಿಂದ ತೆಗೆದರು.

ಆಸ್ಪತ್ರೆಯೊಳಗೆ ಒಂದು ವಿಚಾರಣೆಯೂ ನಡೆಯಿತು. ಕಂಪನಿಯವರು ಬಂದು, ಯಂತ್ರದಲ್ಲಿ ದೋಷವಿಲ್ಲ, ಬಳಸಿದವರ ತಪ್ಪು ಎಂದರು. ಗುಳಿಗೆ ಹೋದದ್ದು ಅಮಸಿದ್ದಪ್ಪನವರ ಹೆಸರಿನಲ್ಲಿ. ಆ ದಿನ ಅವರು ಬಾಗಲಕೋಟೆಯಲ್ಲಿದ್ದರು ಎಂದಾಗ, ಹಾಗಾದರೆ ಪಾಸ್‌ವರ್ಡ್ ಬೇರೆಯವರಿಗೆ ಯಾಕೆ ಕೊಟ್ಟರು ಎಂದು ಕೇಳಿದರು. ಮ್ಯಾನೇಜರ್ ಕೊಡಲು ಹೇಳಿದ್ದು ಬಾಯಿಮಾತು, ಅದಕ್ಕೆ ಕಾಗದವಿರಲಿಲ್ಲ. ಕೊನೆಗೆ ಕಂಪನಿಯವರೇ ಆ ಅಭಿಪ್ರಾಯದ ಹಾಳೆಯನ್ನು ಮೇಜಿನ ಮೇಲಿಟ್ಟರು. ಯಾರಾದರೂ ಸಾಯಬಹುದು ಎಂದು ಇವರೇ ಬರೆದು ಸಹಿ ಮಾಡಿದ್ದಾರೆ. ಇಷ್ಟು ಗೊತ್ತಿದ್ದವರು ಮೊದಲೇ ಬರೆದು ಯಾಕೆ ತಿಳಿಸಲಿಲ್ಲ ಎಂಬುದು ಅವರ ವಾದ.

ಪಟ್ಟಿ ಕೊಟ್ಟಿದ್ದೆ ಎಂದು ಅಮಸಿದ್ದಪ್ಪನವರು ಹೇಳಿದರು; ಅದಕ್ಕೆ ಸಹಿ ಇರಲಿಲ್ಲ, ಸಾಕ್ಷಿ ನಾನೊಬ್ಬನೇ. ಆಗ ನನ್ನನ್ನು ಕರೆದರು. ಅಮಸಿದ್ದಪ್ಪ ಇದಕ್ಕೂ ಮುಂಚೆ ಯಂತ್ರದ ತಪ್ಪುಗಳ ಪಟ್ಟಿ ಕೊಟ್ಟಿದ್ದರೇ, ನೀವು ನೋಡಿದ್ದೀರಾ ಎಂದು ಕೇಳಿದರು. ಮ್ಯಾನೇಜರ್ ನನ್ನೆದುರಿಗೇ ಕುಳಿತಿದ್ದರು. ಅವರ ಮೊಣಕಾಲಿನ ಪಕ್ಕದಲ್ಲೇ ಆ ಡ್ರಾ ಇತ್ತು. ನನಗೆ ನೆನಪಿಲ್ಲ ಎಂದು ಹೇಳಿದೆ.

ಎರಡು ಶಬ್ದ. ಹೊರಗೆ ಬಂದಾಗ ಅಮಸಿದ್ದಪ್ಪನವರು ಬೆಂಚಿನ ಮೇಲೆ ಕುಳಿತಿದ್ದರು. ನಾನು ಅವರ ಮುಂದಿನಿಂದಲೇ ಹಾದು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಪ್ರಕರಣ ಇನ್ನೂ ಕೋರ್ಟಿನಲ್ಲಿದೆ. ಮಿರಜದ ಡಾಕ್ಟರು ಬರುವುದನ್ನು ನಿಲ್ಲಿಸಿದರು. ಶೇವಂತಿ ಬಿಲ್ಲಿಗೆ ಮರಳಿದಳು. ಔಷಧದ ಕಪಾಟಿನ ಕಡೆ ಅವಳು ಈಗಲೂ ಹೋಗುವುದಿಲ್ಲ. ಐದು ತಿಂಗಳ ನಂತರ ಒಂದು ಮುಂಜಾನೆ ಯಂತ್ರ ತಾನಾಗಿ ಹೊಸದಾಯಿತು. ಸಣ್ಣಪುಟ್ಟ ಸುಧಾರಣೆಗಳು ಎಂದು ಪರದೆಯ ಮೇಲೆ ಒಂದು ಸಾಲು ಬಂದು ಹೋಯಿತು. ಕಿಟಕಿಗೆ ಹೊಸದಾಗಿ ಬಂದ ಫಾರ್ಮಸಿಸ್ಟ್ ಪಟ್ಟಿ ಉರುಳಿಸುವಾಗ ನಾನು ಹಿಂದೆ ನಿಂತಿದ್ದೆ. ಬೇಕಾದಾಗ ಎಂಬುದರ ಕೆಳಗೆ ವಾರಕ್ಕೊಮ್ಮೆ ಎಂದು ಬಂದಿತ್ತು. ಅದು ಯಾಕೆ ಬಂತು ಎಂದು ಅವನಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಗಂಗಾಂಬಿಕಾ ಕಾಲೇಜಿಗೆ ಮರಳಲಿಲ್ಲ, ಮನೆಯಲ್ಲಿ ತಾಯಿಯ ಕೆಲಸ ಮಾಡಿಕೊಂಡಿದ್ದಾಳೆ ಎಂದು ಶೇವಂತಿ ಹೇಳುತ್ತಾಳೆ.

ಅಮಸಿದ್ದಪ್ಪನವರಿಗೆ ಬೇರೆ ಆಸ್ಪತ್ರೆಯಲ್ಲಿ ಕೆಲಸ ಸಿಗಲಿಲ್ಲ. ಹೆಸರು ಎಲ್ಲ ಕಡೆ ಹಬ್ಬಿತ್ತು. ಈಗ ಮುಧೋಳದಲ್ಲಿ ಸಗಟು ಔಷಧದ ಗೋದಾಮಿನಲ್ಲಿದ್ದಾರೆ. ಬಂದ ಡಬ್ಬಿ ಎಣಿಸುವುದು, ಹೋಗುವ ಡಬ್ಬಿಗೆ ಟೇಪು ಹಚ್ಚುವುದು. ರೋಗಿಗಳ ಮುಖ ಕಾಣುವುದಿಲ್ಲ. ಭಾಗ್ಯಾ ಬಿ.ಫಾರ್ಮ್ ಮುಗಿಸಿದಳು. ಅವಳ ಗೆಳತಿಯೊಬ್ಬಳು ಬೀಳಗಿಯ ಕಡೆ ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಹುಡುಗರಿಗೆ ನಿಮ್ಮ ಅನುಭವ ಹೇಳಬೇಕೆಂದು ಆಕೆ ಒತ್ತಾಯ ಮಾಡಿ ಅವರನ್ನು ಒಮ್ಮೆ ಕರೆಸಿದಳು.

ಹೋಗಿ ಬಂದದ್ದನ್ನು ಅವರೇ ನನಗೆ ಹೇಳಿದರು. ಕಳೆದ ವರ್ಷ ದೀಪಾವಳಿಯ ಮುಂಚೆ ಮುಧೋಳದ ಬಸ್ ನಿಲ್ದಾಣದಲ್ಲಿ ಭೇಟಿಯಾದಾಗ. ನಾನು ತಪ್ಪಿಸಿಕೊಂಡು ಹೋಗಬೇಕೆನ್ನುವಷ್ಟರಲ್ಲಿ ಅವರೇ ಕೈ ಮಾಡಿ ಕರೆದರು. ಕೂದಲೆಲ್ಲ ಬೆಳ್ಳಗಾಗಿತ್ತು. ಚಹಾ ಕುಡಿಯುತ್ತ, ತಾನು ಅರವತ್ತು ಹುಡುಗರ ಮುಂದೆ ನಿಂತು ಮುಕ್ಕಾಲು ತಾಸು ಮಾತಾಡಿದೆ ಎಂದರು. ಪರದೆ ಹೇಳಿದ್ದನ್ನು ನಂಬುವ ಮುಂಚೆ ಗುಳಿಗೆಯ ಗುಣ ನೆನಪು ಮಾಡಿಕೊಳ್ಳಬೇಕು, ತಪ್ಪು ಕಂಡರೆ ತಿದ್ದಿ ಸುಮ್ಮನಾಗಬಾರದು, ತಿದ್ದಿದ್ದನ್ನು ಬರೆದು ಸಹಿ ಹಾಕಿಸಿಕೊಳ್ಳಬೇಕು, ಪಾಸ್‌ವರ್ಡ್ ಯಾರು ಕೇಳಿದರೂ ಕೊಡಬಾರದು. ಇಷ್ಟೇ ಹೇಳಿದರಂತೆ. ತಾರವ್ವನ ಹೆಸರು ಹೇಳಲಿಲ್ಲವಂತೆ. ಮುಗಿದ ಮೇಲೆ ಒಬ್ಬ ಹುಡುಗ ಎದ್ದು, ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದ. ಇಲ್ಲ ಎಂದು ಇವರೇ ಹೇಳಿದರು. ವಹಿ ತೆರೆದಿದ್ದ ಕೆಲವರು ಅದನ್ನು ಮುಚ್ಚಿದರು.

ಇದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನನ್ನಿಂದ ತಡೆಯಲಾಗಲಿಲ್ಲ. ವಿಚಾರಣೆಯಲ್ಲಿ ನಾನು ಏನು ಹೇಳಿದೆ ಎಂಬುದನ್ನು ಅಲ್ಲೇ, ಚಹಾದ ಅಂಗಡಿಯ ಮುಂದೆ, ತಲೆ ತಗ್ಗಿಸಿ ಹೇಳಿಬಿಟ್ಟೆ.

"ಗೊತ್ತೈತಿ," ಎಂದರು ಅಮಸಿದ್ದಪ್ಪನವರು. "ಆ ದಿನಾನ ಗೊತ್ತಾತು. ನಿನಗ ಎರಡ ಮಕ್ಕಳದಾವ, ಇರ್ಲಿ ಬಿಡು."

ಚಹಾದ ರೊಕ್ಕ ಅವರೇ ಕೊಟ್ಟರು. ಜಮಖಂಡಿಯ ಬಸ್ಸು ಬಂತು. ನನ್ನ ಕೈಚೀಲ ಎತ್ತಿ ಕೊಟ್ಟು, ಮಕ್ಕಳನ್ನು ಕೇಳಿದ್ದಾಗಿ ಹೇಳು ಎಂದು ಗೋದಾಮಿನ ಕಡೆ ನಡೆದರು. ನಾನು ಆಮೇಲೆ ಮುಧೋಳಕ್ಕೆ ಹೋಗಿಲ್ಲ.